ಎರಡು ಮನೆ ಕೆಳಗೆ

ನನ್ನ ಅಮ್ಮನಿಗೆ ಚರ್ಚಿನಲ್ಲಿ, ಎಲ್ಲರ ಎದುರು, "ನೀವು ಬರೇ ಬಾಯಿ ಆಡಸ್ರಿ" ಎಂದ ಮನುಷ್ಯನನ್ನು ನಾನು ಕ್ಷಮಿಸಿಲ್ಲ. ಮುಂದೆ ಕ್ಷಮಿಸುವ ಅಂದಾಜೂ ಇಲ್ಲ. ಪಾಪನಿವೇದನೆಯಲ್ಲಿ ಫಾದರ್‌ಗೂ ಇದನ್ನೇ ಹೇಳಿದೆ. ಅವರು ಜಪ ಕೊಟ್ಟರು. ಜಪ ಮುಗಿಯಿತು, ಸಿಟ್ಟು ಮುಗಿಯಲಿಲ್ಲ.

ನಾನು ಸೆವ್ರಿನ್, ಆ ಅಮ್ಮನ ಮಗಳು, ಊರಿಗೆ ಸೆವ್ರಿನ್ ಬಾಯಿ. ಯಲ್ಲಾಪುರದಲ್ಲಿ ಹೆದ್ದಾರಿ ಬದಿಗೆ ನನ್ನದೊಂದು ಟೇಲರಿಂಗ್ ಅಂಗಡಿ ಇದೆ. ವಾರವಿಡೀ ಹೊಲಿಗೆ ಮಶೀನಿನ ಪೆಡಲ್ ತುಳಿಯುತ್ತೇನೆ, ಭಾನುವಾರ ಚರ್ಚಿನ ಆರ್ಗನ್ನಿನ ಪೆಡಲ್ ತುಳಿಯುತ್ತೇನೆ. ಎರಡೂ ಮುದಿಯಾಗಿವೆ, ಎರಡಕ್ಕೂ ನನ್ನ ಕಾಲೇ ಗತಿ. ಆರ್ಗನ್ ಎಂಬ ದೊಡ್ಡ ಹೆಸರು ಅದಕ್ಕೆ ಕಾಗದದ ಮೇಲೆ ಮಾತ್ರ. ನಮ್ಮವರ ಬಾಯಲ್ಲಿ ಅದು 'ಪೆಟ್ಟಿಗೆ'. ಕಾಲಿನಿಂದ ಗಾಳಿ ತುಂಬಬೇಕು, ಕೈಯಿಂದ ನುಡಿಸಬೇಕು. ಚರ್ಚಿನ ಬಾಗಿಲ ಮೇಲ್ಗಡೆಯ ಮರದ ಅಟ್ಟದಲ್ಲಿ ಅದು ಕೂತಿದೆ, ಅದರ ಸುತ್ತ ಹಾಡುವವರು ನಿಲ್ಲುತ್ತಾರೆ. ಕೆಳಗಿನ ಜನ ದೇವರ ಪೀಠದ ಕಡೆಗೆ ಮುಖ ಮಾಡಿರುವುದರಿಂದ ನಾವು ಅವರ ಬೆನ್ನ ಹಿಂದೆ, ತಲೆಯ ಮೇಲೆ ಇರುತ್ತೇವೆ.

ಅಮ್ಮನ ಹೆಸರು ಬೆನೆದಿತಾ. ಊರಿಗೆಲ್ಲ ಬೆನ್ನಿ ಮಾಯ್. ಮಾಯ್ ಎಂದರೆ ನಮ್ಮ ಕೊಂಕಣಿಯಲ್ಲಿ ತಾಯಿ. ಮದುವೆಯಾಗಿ ಈ ಊರಿಗೆ ಬಂದ ವರ್ಷದಿಂದ ಅಟ್ಟ ಹತ್ತಿದವಳು ಅವಳು. ಸ್ವರ ಬರೆದ ಕಾಗದ ಓದಲು ಅವಳಿಗೆ ಬಾರದು. ಧ್ವನಿಯೂ ಸಿಹಿಯೇನಲ್ಲ, ಸ್ವಲ್ಪ ಗೊಗ್ಗರು, ಗಟ್ಟಿ. ಆದರೆ ವರ್ಷಕ್ಕೊಮ್ಮೆ ಇಡೀ ಚರ್ಚು ಅವಳ ಗಂಟಲನ್ನೇ ನಂಬಿ ನಿಲ್ಲುತ್ತಿತ್ತು.

ಯಾಕೆಂದರೆ ಪವಿತ್ರ ಗುರುವಾರದ ಸಂಜೆ ಪೂಜೆಯಲ್ಲಿ ಮಹಿಮಾ ಗೀತೆ ಮುಗಿದ ಕೂಡಲೇ ನಾನು ಪೆಟ್ಟಿಗೆಯ ಮುಚ್ಚಳ ಹಾಕಬೇಕು. ಅದು ಧರ್ಮಸಭೆಯ ನಿಯಮ. ಶನಿವಾರ ರಾತ್ರಿ ಈಸ್ಟರಿನ ಪಾಸ್ಖ ಜಾಗರಣೆಯಲ್ಲಿ ಮತ್ತೆ ಮಹಿಮಾ ಗೀತೆ ಬರುವವರೆಗೆ ಪೆಟ್ಟಿಗೆ ತೆರೆಯುವಂತಿಲ್ಲ, ಗಂಟೆ ಬಾರಿಸುವಂತಿಲ್ಲ. ಗಂಟೆಯ ಬದಲು ಮರದ ಹಲಗೆ ಬಡಿಯುತ್ತಾರೆ. ಪೆಟ್ಟಿಗೆಯ ಬದಲು ನನ್ನ ಅಮ್ಮ ಇದ್ದಳು. ಶುಭ ಶುಕ್ರವಾರ ಮಧ್ಯಾಹ್ನ ಪ್ರತಿ ಹಾಡಿಗೂ ಮುಂಚೆ ಅವಳು ಗಂಟಲೊಳಗೇ ಒಂದು 'ಊಂ' ಎನ್ನುವಳು. ಎಲ್ಲರೂ ಅದನ್ನು ಹಿಡಿದು ಹಾಡು ಎತ್ತುವರು. ಯಾರೂ ಅವಳಿಗೆ ಈ ಕೆಲಸ ಹೇಳಿ ಕೊಟ್ಟದ್ದಲ್ಲ. ಪೆಟ್ಟಿಗೆಯ ಪಕ್ಕ ನಿಂತು ನಿಂತು ಅದರ ಸ್ವರ ಅವಳ ಮೈಗೆ ಹತ್ತಿಬಿಟ್ಟಿತ್ತು.

ವಲೇರಿಯನ್ ಸರ್ ಬಂದದ್ದು ಹೋದ ಮಳೆಗಾಲ ಮುಗಿದ ಮೇಲೆ. ಹುಬ್ಬಳ್ಳಿಯ ಕಡೆಯವರು, ಇಲ್ಲಿನ ಒಂದು ಶಾಲೆಗೆ ಸಂಗೀತದ ಮೇಷ್ಟರಾಗಿ ಬಂದವರು. ಫಾದರ್ ಅವರನ್ನೇ ಹಿಡಿದು ಗಾಯನ ಮಂಡಳಿಯನ್ನು ಒಪ್ಪಿಸಿದರು. ಸುಳ್ಳೇಕೆ ಹೇಳಲಿ, ಮನುಷ್ಯನಿಗೆ ಸಂಗೀತ ಗೊತ್ತು. ಗಿಟಾರು, ಕೀಬೋರ್ಡು ಏನನ್ನೂ ಅಟ್ಟ ಹತ್ತಲು ಬಿಡಲಿಲ್ಲ, ಪವಿತ್ರ ಗಾಯನಕ್ಕೆ ಆರ್ಗನ್ ಒಂದೇ ಸಾಕು ಎಂದರು. ಅಲ್ಲಿಯವರೆಗೆ ಒಂದೇ ಧಾಟಿಯಲ್ಲಿ ಒದರುತ್ತಿದ್ದ ನಮ್ಮನ್ನು ನಾಲ್ಕು ಸಾಲಾಗಿ ಒಡೆದು, ಒಂದೇ ಹಾಡನ್ನು ನಾಲ್ಕು ಎತ್ತರದಲ್ಲಿ ಹಾಡಿಸಿದರು. ಮೊದಲ ಸಲ ಆ ನಾಲ್ಕೂ ಕೂಡಿ ಬಂದಾಗ ಪೆಟ್ಟಿಗೆಯ ಮುಂದೆ ಕೂತ ನನ್ನ ಕಣ್ಣಲ್ಲಿ ನೀರು ಬಂದದ್ದು ನಿಜ. ಆ ನೀರಿಗೆ ಈಗ ಪಶ್ಚಾತ್ತಾಪವಿದೆ.

ಕ್ರಿಸ್ಮಸ್ಸಿಗೆ ಮುಂಚೆ ಯೂಟ್ಯೂಬಿಗೆ ಹಾಕಲು ನಮ್ಮ ಹಾಡು ರೆಕಾರ್ಡ್ ಮಾಡಿದರು. ಎರಡು ಸಲ ಹಾಡಿಸಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳಿ, ನೇರ ಅಮ್ಮನ ಎದುರು ಬಂದು ನಿಂತರು.

"ಅಮ್ಮಾರ, ತಪ್ಪ ತಿಳಕೋಬ್ಯಾಡ್ರಿ. ನಿಮ್ಮ ಧ್ವನಿ ಎಲ್ಲಾರ ಮ್ಯಾಲ ಒಂದ ಕೇಳಾಕತ್ತೈತ್ರಿ. ನೀವು ಬರೇ ಬಾಯಿ ಆಡಸ್ರಿ. ಧ್ವನಿ ಬ್ಯಾಡ. ವಿಡಿಯೋದಾಗ ಕಂಡ್ರ ಸಾಕು."

ಬೈದಿದ್ದರೆ ಬಾಯಿಗೆ ಬಾಯಿ ಕೊಡಬಹುದಿತ್ತು. ಹೀಗೆ 'ರಿ' ಹಚ್ಚಿ, ಕೈಮುಗಿದಷ್ಟು ನಯವಾಗಿ ಹೇಳಿದರೆ ಏನು ಮಾಡುವುದು? ಅಟ್ಟದ ಮೇಲೆ ಯಾರೋ ಕಿಸಕ್ಕೆಂದರು. ನಾನು ಸ್ಟೂಲಿನಿಂದ ಏಳುವಷ್ಟರಲ್ಲಿ ಅಮ್ಮ ಕಣ್ಣಲ್ಲೇ ನನ್ನನ್ನು ಕೂರಿಸಿದಳು. "ಆಯ್ತು ಸರ್" ಎಂದಳು. ಹೇಳಿದ ಹಾಗೆಯೇ ಮಾಡಿದಳು ಕೂಡ. ಕ್ರಿಸ್ಮಸ್ ಪೂಜೆಯ ಉದ್ದಕ್ಕೂ ನನ್ನ ಅಮ್ಮ ನೀರಿನಿಂದ ತೆಗೆದ ಮೀನಿನಂತೆ ಬಾಯಿ ಆಡಿಸುತ್ತ ನಿಂತಿದ್ದಳು. ನಾನು ಅವಳ ಪಕ್ಕದಲ್ಲೇ ಕೂತು, ಅವಳನ್ನು ಬಿಟ್ಟು ಉಳಿದವರಿಗೆಲ್ಲ ನುಡಿಸಿದೆ.

ಆಮೇಲೆ ಅವಳು ಅಟ್ಟ ಹತ್ತಲಿಲ್ಲ. ಕೆಳಗೆ ಹೆಂಗಸರ ಬೆಂಚಿನಲ್ಲಿ ಕೂರತೊಡಗಿದಳು. ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆನೇನೋ. ಮನೆಯಲ್ಲಿಯೂ ಹಾಡು ನಿಂತಿತು. ಸಂಜೆ ಜಪಸರ ಮುಗಿದ ಮೇಲೆ ಒಂದು ಹಾಡು ಹೇಳದೆ ಅವಳು ಊಟಕ್ಕೆ ಎದ್ದವಳಲ್ಲ. ಈಗ ಜಪಸರ ಮಡಚಿ ಡಬ್ಬಿಗೆ ಹಾಕಿ ಸುಮ್ಮನೆ ಏಳುತ್ತಿದ್ದಳು. ಪಕ್ಕದ ಮನೆಯ ದೇವಕಿ ಬೇಲಿಯಾಚೆಯಿಂದ ನನ್ನನ್ನು ಕೇಳಿದಳು.

"ಎಂತ ಆತೇ ಸೆವ್ರಿನ್? ಅಮ್ಮಂಗೆ ಅರಾಮಿಲ್ಯನೇ? ಸಂಜಪ್ಪಾಗ ಪದ ಕೇಳ್ತೇ ಇಲ್ಲೆ. ಎನಗೆ ಅದು ಕೇಳಿದ ಮೇಲೇ ದೀಪ ಹಚ್ಚಿ ರೂಢಿ."

ಅವಳ ದೇವರಿಗೂ ಬೇಕಾಗಿದ್ದ ಧ್ವನಿ ವಲೇರಿಯನ್ ಸರ್‌ಗೆ ಬೇಡವಾಗಿತ್ತು. ಅಂದೇ ನಿಶ್ಚಯ ಮಾಡಿದೆ. ಆ ಮನುಷ್ಯ ಅಟ್ಟದ ಮೇಲೆ ನಿಂತು, ಊರೆಲ್ಲ ಕೇಳುವಂತೆ, ಬಾಯಿ ತೆರೆದು ಸ್ವರವಿಲ್ಲದೆ ನಿಲ್ಲಬೇಕು. ಆಗ ಅಮ್ಮನೇ ಬೇಕಾಗುತ್ತಾಳೆ. ಆಗ ಅವಳು ಹಾಡುತ್ತಾಳೆ. ನನಗೆ ಬೇಕಾದದ್ದು ಇಷ್ಟೇ, ಅಮ್ಮನ ಹಾಡು ಮತ್ತು ಆ ಮನುಷ್ಯನ ಮಾನಭಂಗ. ಎರಡೂ ಒಟ್ಟಿಗೇ ಸಿಗಬೇಕಿತ್ತು.

ಮೊದಮೊದಲು ಸಣ್ಣ ಬುದ್ಧಿಯನ್ನೇ ತೋರಿಸಿದೆ. ಅವರ ಹೆಂಡತಿ ರವಿಕೆ ಹೊಲಿಸಲು ಬಂದಾಗ ತೋಳನ್ನು ಬೇಕೆಂದೇ ಬಿಗಿಮಾಡಿದೆ. ಪಾಪ, ಆಕೆ ಹಾಕಿ ನೋಡಿ, "ನಾನ ದಪ್ಪಾಗೇನಿ ಬಿಡ್ರಿ" ಎಂದು ನಕ್ಕು ಒಯ್ದಳು. ಹೆಂಗಸು ಒಳ್ಳೆಯವಳು. ಅದರಲ್ಲಿ ನನಗೆ ರುಚಿ ಸಿಗಲಿಲ್ಲ.

ಈಸ್ಟರಿಗೆ ಮುಂಚಿನ ತಪಸ್ಸುಕಾಲ ಶುರುವಾಯಿತು. ಶುಭ ಶುಕ್ರವಾರದ ಹಾಡುಗಳ ಅಭ್ಯಾಸವೂ ಶುರುವಾಯಿತು. ಜನ ಸಾಲಾಗಿ ಬಂದು ಶಿಲುಬೆಗೆ ಮುತ್ತಿಡುವ ಹೊತ್ತಿಗೆ ಹಾಡುವ ಒಂದು ಉದ್ದ ಹಾಡಿದೆ. ದೇವರು ಶಿಲುಬೆಯ ಮೇಲಿಂದ ತನ್ನ ಜನರನ್ನೇ, ನಾನು ನಿಮಗೆ ಮಾಡಿದ ಅನ್ಯಾಯವೇನು ಎಂದು ಕೇಳುವ ಹಾಡು. ಅದನ್ನು ಸರ್ ನಾಲ್ಕು ಸಾಲಿಗೆ ಹೊಂದಿಸಿದ್ದರು, ನಡುನಡುವೆ ತಾವೊಬ್ಬರೇ ಹಾಡುವ ಚರಣಗಳನ್ನೂ ಇಟ್ಟುಕೊಂಡಿದ್ದರು. ಹುಬ್ಬಳ್ಳಿಯ ಹಳೆಯ ಗೆಳೆಯರೆಲ್ಲ ನೋಡಲೆಂದು ಅವತ್ತು ಯೂಟ್ಯೂಬಿನಲ್ಲಿ ನೇರಪ್ರಸಾರ ಬೇರೆ.

ಅಭ್ಯಾಸದ ಕೊನೆಯಲ್ಲಿ ಅವರು ನನ್ನ ಕಡೆ ತಿರುಗಿದರು. "ಸೆವ್ರಿನ್ ಬಾಯಿ, ಶುಕ್ರವಾರ ಆರ್ಗನ್ ಇರಂಗಿಲ್ಲ. ಇದನ್ನ ಯಾವ ಸ್ವರದಾಗ ಎತ್ತೂದ್ರಿ?"

"ಜಿ, ಸರ್" ಎಂದೆ.

ಸುಳ್ಳಲ್ಲ. ನನ್ನ ಬೆರಳು ಇದ್ದದ್ದು ಜಿ ಮನೆಯ ಮೇಲೆಯೇ. ಕಪ್ಪು ಬಿಳಿ ಎನ್ನದೆ ಪೆಟ್ಟಿಗೆಯ ಒಂದೊಂದು ಪಟ್ಟಿಗೂ ನಾವು ಮನೆ ಎನ್ನುತ್ತೇವೆ. ಆದರೆ ನಮ್ಮ ಪೆಟ್ಟಿಗೆಯ ಜಿ, ಲೋಕದ ಜಿ ಅಲ್ಲ. ಹಿಂದೊಮ್ಮೆ ಮಳೆಯ ತಂಡಿಗೆ ಅದರೊಳಗೆ ಸ್ವರ ಹೊರಡಿಸುವ ಹಿತ್ತಾಳೆ ರೀಡುಗಳು ಹಾಳಾಗಿ, ಹಾರ್ಮೋನಿಯಂ ರಿಪೇರಿಯ ಶಾಂತಾರಾಮನನ್ನು ಶಿರಸಿಯಿಂದ ಕರೆಸಿದ್ದೆವು. ಬದಲಿ ರೀಡು ಎಲ್ಲೂ ಸಿಗದೆ ಅವನು ಉಳಿದವನ್ನೇ ಎರಡೆರಡು ಮನೆ ಸರಿಸಿ ಕೂರಿಸಿದ. "ಇನ್ನು ಇದರ ಸ್ವರ ಎರಡು ಮನೆ ಕೆಳಗೆ, ಸೆವ್ರಿನ್ ಬಾಯಿ. ಹಾಡೋರಿಗೆ ಒಳ್ಳೇದೇ ಆಯ್ತು, ಗಂಟಲು ಹರಿಯೂದಿಲ್ಲ" ಎಂದು ಹೋದ. ಅಟ್ಟದ ಮೇಲೆ ಅವತ್ತು ಇದ್ದವರು ನಾನು ಮತ್ತು ಅಮ್ಮ. ಸರ್ ಬಂದಾಗಿನಿಂದ ಈ ಪೆಟ್ಟಿಗೆಯನ್ನು ಬಿಟ್ಟು ಬೇರೆ ವಾದ್ಯ ಅಟ್ಟದ ಮೇಲೆ ನುಡಿದಿರಲಿಲ್ಲ. ಹೋಲಿಸಿ ನೋಡುವ ಪ್ರಸಂಗವೇ ಅವರಿಗೆ ಬಂದಿರಲಿಲ್ಲ.

ದಪ್ಪ ಧ್ವನಿಯ ಸಾಲಿನಲ್ಲಿ ಹಾಡುವ ಮಿಂಗೇಲ ಸಾಧು ಮನುಷ್ಯ. "ಸ್ವರ ಕೊಡೂಕೆ ಬೆನ್ನಿ ಮಾಯ್‌ನ ಕರೆಯುವಾ ಸರ್. ಪ್ರತಿ ವರ್ಷ ಅವರೇ ಕೊಡೂದು" ಎಂದ.

ಸರ್ ಜೇಬಿನಿಂದ ಮೊಬೈಲ್ ತೆಗೆದರು. "ಅವರಿಗ್ಯಾಕ ತ್ರಾಸು? ಇದರಾಗ ಆ್ಯಪ್ ಐತಿ. ಜಿ ಅಂತ ಒತ್ತಿದ್ರ ಜಿ ಬರತೈತಿ. ಇದು ತಪ್ಪಂಗಿಲ್ಲಪಾ."

ಅದು ತಪ್ಪುವುದಿಲ್ಲವೆಂದು ನನಗೂ ಗೊತ್ತಿತ್ತು. ನಾನು ಬಾಯಿ ಮುಚ್ಚಿ ಪೆಟ್ಟಿಗೆಯ ಧೂಳು ಒರೆಸಿದೆ.

ಗುರುವಾರ ಸಂಜೆ ಮಹಿಮಾ ಗೀತೆ ಮುಗಿಸಿ ಒಳಗೊಳಗೇ ನಗುತ್ತ ಮುಚ್ಚಳ ಹಾಕಿದೆ. ಮನೆಗೆ ಬರುವ ದಾರಿಯಲ್ಲಿ ಅಮ್ಮ ಕೇಳಿದಳು.

"ನಾಳೆ ಸ್ವರ ಯಾರು ಕೊಡೂದು?"

"ಮೊಬೈಲು."

ಸ್ವಲ್ಪ ದೂರ ನಡೆದ ಮೇಲೆ ಮತ್ತೆ ಕೇಳಿದಳು. "ಅದರ ಸ್ವರ ನಮ್ಮ ಪೆಟ್ಟಿಗೆಗೆ ಕೂಡ್ತದಾ?"

"ಕೂಡ್ತದೆ ಮಾಯ್" ಎಂದೆ. ಇದು ಮಾತ್ರ ಸುಳ್ಳು. ಆದರೆ ಗುರುವಾರ ಸಂಜೆಗೇ ತಪಸ್ಸುಕಾಲ ಮುಗಿಯುತ್ತದೆಂದು ಫಾದರ್ ಪ್ರವಚನದಲ್ಲಿ ಹೇಳಿದ್ದರಲ್ಲ, ಹಾಗಾಗಿ ಇದು ತಪಸ್ಸುಕಾಲದ ಸುಳ್ಳಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಶುಕ್ರವಾರ ಮಧ್ಯಾಹ್ನ ಚರ್ಚಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಪೀಠದ ಬಟ್ಟೆ, ಹೂವು ಎಲ್ಲ ತೆಗೆದು ಬೋಳು ಮಾಡಿದ್ದರು. ಹೊರಗೆ ಹೆದ್ದಾರಿಯಲ್ಲಿ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು. ಅಟ್ಟದ ಮೇಲೆ ಸೆಖೆಗೆ ಎಲ್ಲರ ಬೆನ್ನೂ ಒದ್ದೆ. ನಾನು ಮುಚ್ಚಿದ ಪೆಟ್ಟಿಗೆಯ ಮುಂದೆ ಕೈಕಟ್ಟಿ ಕೂತಿದ್ದೆ. ಮಾಡಲು ಕೆಲಸವಿಲ್ಲ, ಮಾಡುವಂತೆಯೂ ಇಲ್ಲ. ಸಭೆಯ ನಿಯಮವೇ ನನ್ನ ಕೈ ಕಟ್ಟಿ ಹಾಕಿದ ಮೇಲೆ ನನ್ನನ್ನು ಯಾರು ಏನೆನ್ನಬಲ್ಲರು?

ಯೇಸುವಿನ ಪಾಡಿನ ಕಥೆ ಓದಿ ಮುಗಿಯಿತು. ಫಾದರ್ ಶಿಲುಬೆ ಹಿಡಿದು ನಿಂತರು. ಜನ ಚಪ್ಪಲಿ ಬಿಟ್ಟು ಸಾಲಾದರು. ಸರ್ ಮೊಬೈಲ್ ಕಿವಿಗೆ ಹಿಡಿದು, ಒತ್ತಿ, 'ಊಂ' ಎಂದರು. ಎರಡು ಮನೆ ಮೇಲೆ, ಸರಿಯಾಗಿ ಎರಡು ಮನೆ.

ಮೊದಲ ಸಾಲು ಹೇಗೋ ದಾಟಿತು. ಎತ್ತರದ ಸಾಲಿನ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಹಾಡಿನ ತುದಿ ಅವರಿಗೆ ಮೊದಲೇ ಬಿಗಿ. ಎರಡನೇ ಸಲ ಅಲ್ಲಿಗೆ ಬಂದಾಗ ಇಬ್ಬರು ಬಾಯಿ ಮುಚ್ಚಿದರು, ಉಳಿದವರು ಕಿರುಚಿದರು. ಗಂಡಸರ ಸಾಲು ದಾರಿ ತಪ್ಪಿ ಹುಡುಗಿಯರ ಧಾಟಿಗೆ ಬಂದು ಸೇರಿತು. ಸರ್ ಕೈಯೆತ್ತಿ ಕಣ್ಣು ಕೆಕ್ಕರಿಸಿದರು. ಅವರ ಕತ್ತಿನ ನರ ಉಬ್ಬಿದ್ದು ನನಗೆ ಕಂಡಿತು. ಆಮೇಲೆ ಅವರೊಬ್ಬರೇ ಹಾಡುವ ಚರಣ ಬಂತು. ಧೈರ್ಯ ಮಾಡಿ ಏರಿದರು. ತುದಿಯಲ್ಲಿ ಧ್ವನಿ ಒಡೆದು 'ಕೊಕ್' ಎಂದಿತು.

ಕೋಳಿ ಕೂಗುವ ಮುಂಚೆ ಪೇತ್ರ ಯೇಸುವನ್ನು ಅರಿಯೆನೆನ್ನುವ ಭಾಗವನ್ನು ಆಗ ತಾನೇ ಓದಿದ್ದರು. ಸಾಲಿನಲ್ಲಿದ್ದ ಯಾವುದೋ ಮಗು "ಕೋಳಿ!" ಎಂದಿತು. ಶುಭ ಶುಕ್ರವಾರ, ಶಿಲುಬೆಯ ಎದುರು, ಜನ ನಕ್ಕುಬಿಟ್ಟರು. ತಡೆದುಕೊಂಡು, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಸರ್ ಇನ್ನೊಮ್ಮೆ ಬಾಯಿ ತೆರೆದರು, ಗಾಳಿ ಬಂತು, ಸ್ವರ ಬರಲಿಲ್ಲ. ನೇರಪ್ರಸಾರಕ್ಕೆಂದು ಇಟ್ಟಿದ್ದ ಇನ್ನೊಂದು ಮೊಬೈಲಿನ ಕ್ಯಾಮೆರಾ ಅವರ ಮುಖಕ್ಕೇ ನೆಟ್ಟಿತ್ತು. ಹಾಡು ನಿಂತಿತು.

ನಾನು ಬಯಸಿದ್ದು ಅಕ್ಷರ ಅಕ್ಷರ ಆಗಿತ್ತು. ಇನ್ನೊಂದು ಬಾಕಿ ಇತ್ತು, ಅದೂ ಆಗುವಂತೆ ಕಂಡಿತು. ಕೆಳಗೆ ಸಾಲಿನಲ್ಲಿ ಅಮ್ಮನ ಸರದಿ ಬಂದಿತ್ತು. ಹಾಡು ನಿಂತಾಗ ಹಳಬರೆಲ್ಲ ಅವಳ ಕಡೆಗೇ ನೋಡಿದರು. ಫಾದರ್ ಕೂಡ ನೋಡಿದರು. ಸರ್ ಅಟ್ಟದ ಕಟಕಟೆ ಹಿಡಿದು ಬಗ್ಗಿ ನೋಡಿದರು. ಅಮ್ಮ ಮೊಣಕಾಲೂರಿ ಶಿಲುಬೆಗೆ ಮುತ್ತಿಟ್ಟಳು, ಎದ್ದಳು, ತಿರುಗಿದಳು. ಈಗ ಅವಳ ಮುಖ ಅಟ್ಟಕ್ಕೆ ನೇರ ಎದುರಾಗಿತ್ತು. ತಲೆಯೆತ್ತಿ, ಸರ್ ಕಡೆಗಲ್ಲ, ನೇರ ನನ್ನ ಕಡೆಗೆ ನೋಡಿದಳು. ಬಾಯಿ ತೆರೆದಳು. ತುಟಿಗಳು ಆಡಿದವು. ಸ್ವರವಿಲ್ಲ.

ಬರೇ ಬಾಯಿ ಆಡಿಸಿದಳು!

ನನಗೆ ಕೂತಲ್ಲಿಯೇ ಕೂಗಬೇಕೆನಿಸಿತು. ಎಂಥ ಏಟು! ನಾನು ವಾರಗಟ್ಟಲೆ ಹೊಂಚು ಹಾಕಿದ್ದನ್ನು ಅವಳು ತುಟಿ ಆಡಿಸಿ ಮೀರಿಸಿಬಿಟ್ಟಳು. ನೀನು ಹೇಳಿದ್ದನ್ನೇ ಮಾಡುತ್ತಿದ್ದೇನೆ ತಗೋ ಎಂದು ಊರೆದುರು ಅವನ ಮುಖಕ್ಕೆ ಹೊಡೆದಂತೆ. ನಾನು ಅವಳನ್ನು ನೋಡಿ ಹಲ್ಲೆಲ್ಲ ಕಾಣುವ ಹಾಗೆ ನಕ್ಕೆ. ಅವಳು ತಲೆ ತಗ್ಗಿಸಿ ಬೆಂಚಿಗೆ ಹೋಗಿ ಕೂತಳು. ಫಾದರ್ ಗಟ್ಟಿಯಾಗಿ ಜಪ ಹೇಳಿಸತೊಡಗಿದರು. ಉಳಿದ ಜನ ಹಾಡಿಲ್ಲದೆಯೇ ಮುತ್ತಿಟ್ಟರು.

ಅಂದಿನ ಉಪವಾಸದ ಗಂಜಿ ನನಗೆ ಹಬ್ಬದೂಟದಂತೆ ಇಳಿಯಿತು. "ಒಳ್ಳೇ ಮಾಡಿದೆ ಮಾಯ್. ಅವ ಇನ್ನು ಜನ್ಮದಲ್ಲಿ ಮರೆಯೂದಿಲ್ಲ" ಎಂದೆ. ಅಮ್ಮ ಬಟ್ಟಲು ತೊಳೆದಿಟ್ಟು ಮಲಗಿದಳು. ಶುಭ ಶುಕ್ರವಾರ ಅವಳು ಮಾತು ಕಡಿಮೆ ಮಾಡುವುದು ಪ್ರತಿ ವರ್ಷದ ರೂಢಿ. ನಾನು ಅದಕ್ಕೆ ಬೇರೆ ಅರ್ಥ ಹುಡುಕಲಿಲ್ಲ.

ಶನಿವಾರ ಬೆಳಿಗ್ಗೆ ವಲೇರಿಯನ್ ಸರ್ ಮನೆಗೆ ಬಂದರು. ಕ್ಷೌರ ಮಾಡಿರಲಿಲ್ಲ, ಕಣ್ಣು ಕೆಂಪಾಗಿತ್ತು. ನಾನು ಚಹಾ ಕೊಟ್ಟು, ಹೋಗದೆ ಬಾಗಿಲಿಗೆ ಒರಗಿ ನಿಂತೆ. ನೋಡಬೇಕಿತ್ತಲ್ಲ.

"ಅಮ್ಮಾರ, ನನ್ನ ತಪ್ಪಾತ್ರಿ" ಎಂದರು. "ಅವತ್ತ ಹಂಗ ಅನ್ನಬಾರದಿತ್ತು. ನಿನ್ನೆ ನೀವು ಹಾಡು ಎತ್ತಿಕೊಂತೀರಿ ಅಂತ ಮ್ಯಾಲಿಂದ ದಾರಿ ನೋಡಿದೆ. ಎತ್ತಲಿಲ್ಲ. ಎತ್ತದಿದ್ದದ್ದ ಬರೋಬರಿ ಐತ್ರಿ. ನನಗ ಅದು ತಕ್ಕದ್ದ ಆತು."

ನನ್ನ ಎದೆ ತಣ್ಣಗಾಯಿತು. ಈ ಮಾತು ಕೇಳಲೆಂದೇ ನಾನು ಇಷ್ಟು ದಿನ ಬದುಕಿದ್ದೆ ಎನಿಸಿತು.

ಅಮ್ಮ ಅವರನ್ನೇ ನೋಡಿ, ಇಲ್ಲವೆಂದು ತಲೆಯಾಡಿಸಿದಳು. "ಹಾಗಲ್ಲ ಸರ್. ದೇವರ ಹಾಡು ನಡು ಮಧ್ಯ ಬಿದ್ದಾಗ ಸಿಟ್ಟು ಇಟ್ಟುಕೊಂಡು ಕೂತುಕೊಳ್ಳೂಕೆ ಆಗ್ತದಾ? ನಾನು ಎತ್ತೂಕೇ ನೋಡ್ದೆ. ಸ್ವರ ಸಿಗಲಿಲ್ಲ. ನಿಮ್ಮ ಮೊಬೈಲಿನ ಸ್ವರ ಕಿವಿಯೊಳಗೆ ತುಂಬಿಕೊಂಡಿತ್ತು. ನಮ್ಮ ಪೆಟ್ಟಿಗೆಯ ಸ್ವರ ಯಾವುದು ಅಂತಲೇ ಮರೆತು ಹೋಯ್ತು. ಬಾಯಿ ತೆರೆದೆ, ಗಂಟಲಲ್ಲಿ ಎಂತದೂ ಇಲ್ಲ. ಹಾಡದೇ ತಿಂಗಳುಗಟ್ಟಲೆ ಆಯ್ತಲ್ಲ."

"ಮೊಬೈಲ್ ಸ್ವರಕ್ಕ ಏನಾಗಿತ್ರಿ?"

"ನಮ್ಮ ಪೆಟ್ಟಿಗೆ ಎರಡು ಮನೆ ಕೆಳಗೆ ಸರ್. ರಿಪೇರಿಯಲ್ಲಿ ಹಾಗಾದ್ದು. ಇವಳಿಗೆ ಗೊತ್ತುಂಟು."

ಸರ್ ನನ್ನ ಕಡೆ ನೋಡಿದರು. ಅವರಿಗೆ ಎಲ್ಲ ತಿಳಿಯಿತೆಂದು ನನಗೆ ತಿಳಿಯಿತು. ಕೇಳಿದ್ದರೆ ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು.

ಅಮ್ಮ ಮಾತ್ರ ನನ್ನ ಕಡೆ ತಿರುಗಿದಳು. "ಅದಕ್ಕೇ ನಿನ್ನನ್ನು ನೋಡಿದ್ದು. ಪೆಟ್ಟಿಗೆಯ ಸ್ವರ ನಿನಗೆ ಗೊತ್ತಲ್ಲ. ಒಂದು ಊಂ ಅಂದಿದ್ರೆ ಸಾಕಿತ್ತು, ನಾನು ಹಿಡಿದುಕೊಳ್ತಿದ್ದೆ. ಸ್ವರ ಕೊಡು, ಸ್ವರ ಕೊಡು ಅಂತ ಕೆಳಗಿಂದ ಬಾಯಿ ಆಡ್ಸಿ ಹೇಳಿದೆ. ನೀನು ನಗ್ತಾ ಇದ್ದೆ."

ನಾನು ಅಡುಗೆ ಮನೆಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟೆ. ಹೊರಗಿನ ಕೋಣೆಯಲ್ಲಿ ಸರ್, ರಾತ್ರಿ ಜಾಗರಣೆಗೆ ಅಟ್ಟಕ್ಕೆ ಬರಬೇಕೆಂದು ಅವಳನ್ನು ಬೇಡಿಕೊಳ್ಳುವುದು ಕೇಳಿಸುತ್ತಿತ್ತು. "ಇನ್ನು ಬೇಡ ಸರ್. ನಿನ್ನೆ ಒಮ್ಮೆ ನೋಡಿ ಆಯ್ತಲ್ಲ" ಎಂದಳು ಅಮ್ಮ. ಅಳು ಇಲ್ಲ, ಬೇಸರ ಇಲ್ಲ, ಅಂಗಡಿಯವನಿಗೆ ಇವತ್ತು ಸಾಮಾನು ಬೇಡ ಎಂದಂತೆ ಹೇಳಿದಳು.

ರಾತ್ರಿ ಜಾಗರಣೆಯಲ್ಲಿ ಮಹಿಮಾ ಗೀತೆ ಬಂತು. ಗಂಟೆಗಳೆಲ್ಲ ಬಾರಿಸಿದವು. ನಾನು ಮುಚ್ಚಳ ತೆಗೆದು, ಕಾಲು ನೋಯುವಷ್ಟು ಗಾಳಿ ತುಂಬಿ, ಇದ್ದಬದ್ದ ಸ್ವರವನ್ನೆಲ್ಲ ಬಿಟ್ಟೆ. ನಾಲ್ಕು ಸಾಲೂ ಕೂಡಿ ಬಂದವು. ವಲೇರಿಯನ್ ಸರ್ ಚೆನ್ನಾಗಿಯೇ ಹಾಡಿದರು, ಹಾಳಾದ ಮನುಷ್ಯ. ನುಡಿಸುತ್ತಲೇ ನಾನು ಕತ್ತು ಉದ್ದ ಮಾಡಿ ಕೆಳಗೆ ಹೆಂಗಸರ ಸಾಲು ನೋಡಿದೆ. ಎಲ್ಲರೂ ಕೈಯಲ್ಲಿ ಮೇಣದ ಬತ್ತಿ ಹಿಡಿದು ಹಾಡುತ್ತಿದ್ದರು. ಅಮ್ಮ ಬತ್ತಿ ಹಿಡಿದು ನಿಂತಿದ್ದಳು, ಅವಳ ಗೊಗ್ಗರು ಧ್ವನಿ ಮಾತ್ರ ಅದರಲ್ಲಿ ಇರಲಿಲ್ಲ. ಅಕ್ಕಪಕ್ಕದವರು ಹಿಂದೆ ತಿರುಗಿ, ಸ್ವರ ಬರುತ್ತಿದ್ದ ಅಟ್ಟದ ಕಡೆ ನೋಡಿ ಖುಷಿಯಿಂದ ನಕ್ಕರು. ಹಾಡು ಮುಗಿಯುವ ತನಕ ನಾನು ಕಾದೆ. ಅಮ್ಮ ಒಂದು ಸಲವೂ ಮೇಲೆ ನೋಡಲಿಲ್ಲ.